ಎಲ್ಲವನ್ನೂ ಸೈನ್ಯಕ್ಕೆ ಕೊಟ್ಟುಬಿಡಿ ಎನ್ನುವವರಿಗೆ

2024ರ ಜುಲೈ ಕೊನೆಯಲ್ಲಿ ವಯನಾಡಿನ ಗುಡ್ಡ ಕುಸಿದು ಚೂರಲ್‌ಮಲದ ಸೇತುವೆ ಕೊಚ್ಚಿಹೋದಾಗ, ಬೆಂಗಳೂರಿನಲ್ಲಿ ನೆಲೆಯಿರುವ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು ಅಲ್ಲಿ 190 ಅಡಿ ಉದ್ದದ ಬೈಲಿ ಸೇತುವೆಯನ್ನು ಒಂದೂವರೆ ದಿನದೊಳಗೆ ನಿಲ್ಲಿಸಿದರು. ಸುರಿಯುವ ಮಳೆ, ಕೆಳಗೆ ಬಂಡೆ ಉರುಳಿಸಿಕೊಂಡು ಬರುತ್ತಿದ್ದ ಕೆಸರುನೀರು. ಬೈಲಿ ಸೇತುವೆಯ ಒಂದೊಂದು ಉಕ್ಕಿನ ಚೌಕಟ್ಟು ಸುಮಾರು 260 ಕಿಲೋ ತೂಗುತ್ತದೆ. ಆರು ಜನ ಹೊತ್ತು ತಂದು, ಮುಂದಿನದಕ್ಕೆ ತಾಗಿಸಿ, ಸುತ್ತಿಗೆಯಲ್ಲಿ ಪಿನ್ನು ಬಡಿದು ಕೂರಿಸುತ್ತಾರೆ. ಹೀಗೆ ಒಂದು ದಡದಲ್ಲೇ ಜೋಡಿಸುತ್ತ ಇಡೀ ಸೇತುವೆಯನ್ನು ಉರುಳೆಗಳ ಮೇಲೆ ಆಚೆ ದಡದ ಕಡೆಗೆ ತಳ್ಳುತ್ತಾರೆ. ನೋಡಿದವರ ಎದೆ ಉಬ್ಬುವ ಕೆಲಸವೇ ಅದು.

ಆಮೇಲೆ ಬಂದ ಮಾತುಗಳದ್ದೇ ನನಗೆ ತಕರಾರು. "ರಸ್ತೆ, ಕೆರೆ, ನಾಲೆ ಎಲ್ಲವನ್ನೂ ಸೈನ್ಯಕ್ಕೆ ಕೊಡಿ, ಆರು ತಿಂಗಳಲ್ಲಿ ದೇಶ ಸರಿಹೋಗುತ್ತದೆ." 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದು ಸಾವಿರಾರು ಸೈನಿಕರು ಅದನ್ನು ಆರಿಸಲು ಇಳಿದಾಗಲೂ ಇದೇ ರಾಗ ಕೇಳಿಬಂದಿತ್ತು. ಸೈನಿಕರು ಬೆಂಕಿ ಆರಿಸಿದರು. ಕೆರೆಗೆ ಬರುವ ಕೊಳಚೆ ಮಾತ್ರ ತನ್ನ ಪಾಡಿಗೆ ಬರುತ್ತಲೇ ಇತ್ತು.

ಸೇನಾ ಎಂಜಿನಿಯರನ ಹುಟ್ಟುಗುಣವೇ ಅವಸರ. ದಂಡು ದಾಟಬೇಕು, ದಾರಿ ಆಗಬೇಕು. ಕೊನೆಯ ಗಾಡಿ ದಾಟಿದ ಮೇಲೆ ಸೇತುವೆ ಬಿದ್ದರೂ ನಷ್ಟವಿಲ್ಲ. ನೀರಿನ ಕೆಲಸಕ್ಕೆ ಹಾಗೆ ಕೊನೆಯ ಗಾಡಿ ಎಂಬುದೇ ಇಲ್ಲ. ಕಟ್ಟಿದ ಮರುದಿನದಿಂದ ಹೂಳು ತುಂಬುತ್ತದೆ, ಏರಿ ಸವೆಯುತ್ತದೆ, ತೂಬು ಕಟ್ಟಿಕೊಳ್ಳುತ್ತದೆ. ನೀರಿನಲ್ಲಿ ಹೆಸರು ಮಾಡಿದ ಸೇನಾ ಎಂಜಿನಿಯರರೆಲ್ಲ, ನನ್ನ ಪ್ರಕಾರ, ಸೈನ್ಯದ ಈ ಅವಸರವನ್ನು ಬಿಟ್ಟುಕೊಟ್ಟವರು.

ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಸೇನಾ ಎಂಜಿನಿಯರ್ ಆರ್ಥರ್ ಕಾಟನ್ ಅವರನ್ನೇ ನೋಡಿ. ಮದ್ರಾಸ್ ಎಂಜಿನಿಯರ್ಸ್ ಸೇರಿ, ಬರ್ಮಾ ಯುದ್ಧದಲ್ಲಿ ಕಾದಾಡಿ ಬಂದವರು ಕಾವೇರಿಯ ಮುಖಜಭೂಮಿಗೆ ಬಂದರು. ಅಲ್ಲಿನ ತೊಂದರೆ ವಿಚಿತ್ರವಾದದ್ದು. ಶ್ರೀರಂಗದ ಮೇಲ್ಗಡೆ ನದಿ ಎರಡಾಗಿ ಸೀಳುತ್ತದೆ. ಉತ್ತರದ ಕೊಳ್ಳಿಡಂ ಹೆಚ್ಚು ಇಳಿಜಾರು, ಆದ್ದರಿಂದ ನೀರೆಲ್ಲ ಅತ್ತ ಹರಿದುಹೋಗುತ್ತಿತ್ತು. ಕಾವೇರಿಯ ಪಾತ್ರದಲ್ಲಿ ಮರಳು ತುಂಬಿ ತಂಜಾವೂರಿನ ಗದ್ದೆಗಳು ಬಾಯಾರುತ್ತಿದ್ದವು. ಅಡ್ಡಲಾಗಿ ಒಡ್ಡು ಕಟ್ಟೋಣವೆಂದರೆ ಎಷ್ಟು ಅಗೆದರೂ ಬಂಡೆ ಸಿಗದ ಮರಳು.

ಅದಕ್ಕೆ ಉತ್ತರ ಸ್ವಲ್ಪ ಕೆಳಗೆ, ಕಲ್ಲಣೈಯಲ್ಲಿ ಮೊದಲೇ ಇತ್ತು. ಚೋಳರ ಕಾಲದ್ದೆಂದು ಹೇಳುವ ಆ ಒಡ್ಡು ಮರಳಿನ ಮೇಲೆ ಒರಟು ಕಲ್ಲನ್ನು ಮಣ್ಣಿನೊಂದಿಗೆ ಸುರಿದು, ತಾನಾಗಿ ಕುಸಿದು ಕೂರಲು ಬಿಟ್ಟು, ಮೇಲೆ ಗಾರೆ ಹೊದಿಸಿದ ಕಟ್ಟಡ. ಆಳ ಅಳತೆಗೆ ಸಿಗದ ಮರಳಿನಲ್ಲಿ ಅಡಿಪಾಯ ಹಾಕುವುದನ್ನು ಕಲಿತದ್ದು ಇದನ್ನು ಕಟ್ಟಿದವರಿಂದಲೇ ಎಂದು ಕಾಟನ್ ಮುಂದೆ ಬರೆದರು. ಆಳುವ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದವರೊಬ್ಬರು ಹಾಗೆ ಬರೆದದ್ದು ನನಗೆ ಅವರ ಎಲ್ಲ ಒಡ್ಡುಗಳಿಗಿಂತ ದೊಡ್ಡದಾಗಿ ಕಾಣುತ್ತದೆ. 1836ರಲ್ಲಿ, ನದಿ ಸೀಳುವ ಮುಕ್ಕೊಂಬಿನಲ್ಲಿ, ಕೊಳ್ಳಿಡಂಗೆ ಅಡ್ಡಲಾಗಿ ಮೇಲಣೆ ಎಂಬ ಒಡ್ಡು ಬಂತು. ಮರಳಿನಲ್ಲಿ ಸಾಲುಸಾಲಾಗಿ ಬಾವಿಗಳನ್ನು ಇಳಿಸಿ, ತುಂಬಿ, ಅವುಗಳ ಮೇಲೆ ಗೋಡೆ ಎಬ್ಬಿಸಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಈಗ ನೀರು ಕಾವೇರಿಯ ಕಡೆಗೇ ಮಿತಿಮೀರಿ ನುಗ್ಗಿ ಅದರ ತಳವನ್ನು ಕೊರೆಯತೊಡಗಿತು. ಕೆಲವೇ ವರ್ಷಗಳಲ್ಲಿ ಕಾವೇರಿ ಕವಲೊಡೆಯುವ ಕಡೆ ಅದಕ್ಕೂ ಒಂದು ಒಡ್ಡು ಹಾಕಬೇಕಾಯಿತು. ನದಿಯನ್ನು ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ. ಅದು ಎಲ್ಲಿ ಏಳುತ್ತದೆಂದು ನೋಡಲು ಯಾರಾದರೂ ಅಲ್ಲೇ ಇರಬೇಕು. ಈ ಅನುಭವ ಬೆನ್ನಿಗಿದ್ದದ್ದರಿಂದಲೇ 1847ರಿಂದ 1852ರವರೆಗೆ ಧವಳೇಶ್ವರದಲ್ಲಿ ಗೋದಾವರಿಗೆ ಅಡ್ಡ ಕಟ್ಟಲು ಅವರಿಗೆ ಸಾಧ್ಯವಾಯಿತು. ಕಂಪನಿಗೆ ಬೇಕಾಗಿದ್ದದ್ದು ಕಂದಾಯ, ಅದರಲ್ಲಿ ಗುಟ್ಟೇನೂ ಇಲ್ಲ. ಆದರೂ ಗೋದಾವರಿ ಜಿಲ್ಲೆಗಳಲ್ಲಿ ಇವತ್ತಿಗೂ ಕಾಟನ್ ಪ್ರತಿಮೆಗಳಿಗೆ ಹೂಮಾಲೆ ಬೀಳುತ್ತದೆ.

ಅದೇ ಮುಕ್ಕೊಂಬಿನ ಮೇಲಣೆಯ ಒಂಬತ್ತು ಗೇಟುಗಳು 2018ರ ಆಗಸ್ಟ್ ಪ್ರವಾಹದಲ್ಲಿ ಕೊಚ್ಚಿಹೋದವು. ನೂರ ಎಂಬತ್ತು ವರ್ಷ ದಾಟಿದ ಕಟ್ಟಡ. ಕಟ್ಟಿದವರ ಹೆಸರನ್ನು ನಾವು ಬಾಯಿಪಾಠ ಮಾಡಿದ್ದೇವೆ; ಅಷ್ಟು ವರ್ಷ ಅದನ್ನು ಕಾಯ್ದು ನಿಲ್ಲಿಸಿದವರ ಒಂದು ಹೆಸರಾದರೂ ನಮಗೆ ಗೊತ್ತೇ?

ಕಾಟನ್ ಅವರ ಸಮಕಾಲೀನ ಪ್ರಾಬಿ ಕಾಟ್ಲಿ ಗಂಗಾ ನಾಲೆ ತೋಡಿಸಿದವರು. ಅವರು ಎಂಜಿನಿಯರ್ ದಳದವರೂ ಅಲ್ಲ, ಫಿರಂಗಿ ದಳದವರು! 1854ರಲ್ಲಿ ನೀರು ಬಿಟ್ಟ ಆ ನಾಲೆಯ ಇಳಿಜಾರು ಹೆಚ್ಚಾಗಿ, ನೀರೇ ತಳವನ್ನು ಅಗೆಯತೊಡಗಿ, ಮುಂದೆ ದುಡ್ಡು ಸುರಿದು ತಿದ್ದಬೇಕಾಯಿತು. ಕಾಟನ್ ಸುಮ್ಮನಿರದೆ ಅದನ್ನು ಬಹಿರಂಗವಾಗಿಯೇ ಟೀಕಿಸಿದರು. ಇಬ್ಬರು ನಿವೃತ್ತ ಅಧಿಕಾರಿಗಳ ಜಗಳವೆಂದು ನಗಬಹುದು. ಆದರೆ ಇಳಿಜಾರಿನ ಲೆಕ್ಕ ಜನರ ಮುಂದೆ ಚರ್ಚೆಯಾಯಿತಲ್ಲ, ಅಷ್ಟೂ ಈಗ ಆಗುವುದಿಲ್ಲ.

ಅವಸರಕ್ಕಿಂತಲೂ ಅಪಾಯದ್ದು ಹಟ. ಅಮೆರಿಕದಲ್ಲಿ ಮಿಸಿಸಿಪ್ಪಿ ನದಿಯ ಉಸ್ತುವಾರಿ ಸೇನೆಯ ಎಂಜಿನಿಯರ್ ದಳದ ಕೈಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಅವರ ನಂಬಿಕೆ ಒಂದೇ: ಎರಡೂ ದಡಕ್ಕೆ ಏರಿ ಹಾಕಿ, ಎತ್ತರಿಸುತ್ತ ಹೋಗಿ, ನದಿ ತಾನಾಗಿ ತಳ ಕೊರೆದುಕೊಂಡು ಹಿಡಿತಕ್ಕೆ ಬರುತ್ತದೆ. ನದಿಗೆ ಹರಡಲು ಜಾಗ ಬಿಡಿ ಎಂದವರ ಮಾತು ಕೇಳಲಿಲ್ಲ. 1927ರಲ್ಲಿ ಏರಿಗಳು ಸಾಲಾಗಿ ಒಡೆದು ಲಕ್ಷಾಂತರ ಜನ ಮನೆ ಬಿಟ್ಟರು. ಅದಾದ ಮೇಲೆಯೇ ನದಿಗೆ ಕೋಡಿ ಬಿಟ್ಟದ್ದು. ನ್ಯೂ ಆರ್ಲಿಯನ್ಸ್ ಮೇಲ್ಗಡೆಯ ಬೊನೆ ಕ್ಯಾರೆ ಕೋಡಿ 1931ರಲ್ಲಿ ಮುಗಿಯಿತು. ಕೋಡಿಯಿಲ್ಲದೆ ಕೆರೆ ಕಟ್ಟಬಾರದೆಂದು ನಮ್ಮ ಕೆರೆ ಕಟ್ಟುವ ಒಡ್ಡರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 2005ರಲ್ಲಿ ಕತ್ರಿನಾ ಚಂಡಮಾರುತಕ್ಕೆ ಅದೇ ನಗರದ ಪ್ರವಾಹ ತಡೆಗೋಡೆಗಳು ಬಿದ್ದಾಗ, ವಿನ್ಯಾಸದಲ್ಲೇ ದೋಷವಿತ್ತೆಂದು ದಳ ಮರುವರ್ಷ ಒಪ್ಪಿಕೊಂಡಿತು. ಆ ಒಪ್ಪಿಕೊಳ್ಳುವಿಕೆಯನ್ನು ಮಾತ್ರ ನಾನು ಮೆಚ್ಚುತ್ತೇನೆ.

ಕೇರಳದ ಮುಲ್ಲಪೆರಿಯಾರ್ ಅಣೆಕಟ್ಟು ಕೂಡ ಸೇನಾ ಎಂಜಿನಿಯರ್ ಜಾನ್ ಪೆನ್ನಿಕ್ವಿಕ್ ಅವರ ಕೆಲಸ. ಕಾಡು, ಜ್ವರ, ಪ್ರವಾಹಗಳ ನಡುವೆ 1887ರಿಂದ 1895ರವರೆಗೆ ಸುಣ್ಣ, ಸುರ್ಕಿಯಲ್ಲಿ (ಇಟ್ಟಿಗೆಪುಡಿ) ಅದನ್ನು ಎಬ್ಬಿಸಿದರು. ಅದರ ಜೊತೆಗೆ ಬಂದ 999 ವರ್ಷದ ಗುತ್ತಿಗೆ ಇವತ್ತು ಕೇರಳ, ತಮಿಳುನಾಡು ಎರಡೂ ರಾಜ್ಯಗಳ ನಿದ್ದೆ ಕೆಡಿಸಿದೆ. ನೀರನ್ನು 142 ಅಡಿಗೆ ನಿಲ್ಲಿಸಬೇಕೋ ಇನ್ನೂ ಕೆಳಗೋ ಎಂಬುದನ್ನು ಯಾವ ಸೈನ್ಯವೂ ತೀರ್ಮಾನಿಸಲಾರದು.

ಇನ್ನು ನಮ್ಮ ಸ್ಯಾಂಕಿ. ಬೆಂಗಳೂರಿನ ಸ್ಯಾಂಕಿ ಕೆರೆಯಿಂದ ಎಲ್ಲರಿಗೂ ಗೊತ್ತಿರುವ ರಿಚರ್ಡ್ ಸ್ಯಾಂಕಿ ಕೂಡ ಮದ್ರಾಸ್ ಎಂಜಿನಿಯರ್ಸ್ ಅಧಿಕಾರಿ, ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದವರು. ಈ ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ, ಅಷ್ಟು ಕೆರೆಗಳನ್ನು ಆಗಲೇ ಕಟ್ಟಿಬಿಟ್ಟಿದ್ದಾರೆ ಎಂದು ಬರೆದವರು ಅವರು. ಆದ್ದರಿಂದ ಕೆರೆಗಳನ್ನು ಬಿಡಿಬಿಡಿಯಾಗಿ ನೋಡದೆ, ಯಾವ ಕೆರೆಗೆ ಎಷ್ಟು ನೆಲದ ನೀರು ಹರಿದುಬರುತ್ತದೆಂದು ಜಲಾನಯನದ ಲೆಕ್ಕ ಹಿಡಿಸಿದರು. ಇದು ಫೋಟೊ ತೆಗೆಯಲು ಬರುವ ಕೆಲಸವಲ್ಲ.

ಸೇನೆಯಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ವರ್ಗಾವಣೆ. ಗಡಿ ಕಾಯುವವರಿಗೆ ಅದು ಸರಿಯೇ. ಕೆರೆಯನ್ನು ಅವರ ಕೈಗೆ ಕೊಟ್ಟರೆ ಹೂಳು ತೆಗೆದು, ಕಲ್ಲು ಕಟ್ಟಿ, ಸೆಲ್ಯೂಟ್ ಹೊಡೆದು ಹೋಗುತ್ತಾರೆ. ನನ್ನ ಬೇಡಿಕೆ ಬೇರೆ. ನೀರಾವರಿ ಎಂಜಿನಿಯರನನ್ನು ಒಂದೇ ಹೊಳೆಯ ಮೇಲೆ ಹತ್ತು ವರ್ಷ ಬಿಡಿ. ಅವನ ಕೆಳಗೆ ತೂಬು ಎತ್ತಿ ಇಳಿಸುವ ನೀರಗಂಟಿಗೆ ಸಂಬಳ ಕೊಡಿ. ಸೇತುವೆ ಕೊಚ್ಚಿಹೋದ ರಾತ್ರಿ ಸೈನ್ಯವನ್ನು ಕರೆಯೋಣ, ಅವರು ಖಂಡಿತ ಬರುತ್ತಾರೆ.