ಚಾಪೆ, ಹುಣಸೆ, ಏಣಿ, ಗೂಬೆ

ನಮ್ಮ ಮನೆಯ ಪಾಸ್‌ವರ್ಡುಗಳೆಲ್ಲ ಬಹುಕಾಲ ಪಂಚಾಂಗದ ಕೊನೆಯ ಪುಟದಲ್ಲಿ ವಾಸವಾಗಿದ್ದವು. ಮೇಲೆ ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಖು. ಅವುಗಳ ಕೆಳಗೆ ಬ್ಯಾಂಕು, ವಿದ್ಯುತ್ ಬಿಲ್ಲು, ರೈಲು ಟಿಕೆಟ್ಟು. ಕಳ್ಳ ಮನೆಗೆ ನುಗ್ಗಿದರೂ ಪಂಚಾಂಗ ಹೊತ್ತೊಯ್ಯುವಷ್ಟು ಆಸ್ತಿಕನಾಗಿರಲಾರ ಎಂಬುದು ನನ್ನ ಎಣಿಕೆ. ಎಣಿಕೆ ತಪ್ಪಿದ್ದು ಕಳ್ಳನಿಂದಲ್ಲ, ಯುಗಾದಿಯಿಂದ. ಹೊಸ ಸಂವತ್ಸರದ ಪಂಚಾಂಗ ಬಂತು. ಹಳೆಯದು ದಿನಪತ್ರಿಕೆಗಳ ಜೊತೆ ರದ್ದಿಯವನ ತಕ್ಕಡಿ ಏರಿತು. ಆ ವರ್ಷ ನನ್ನ ಪಾಲಿಗೆ ಬೆಲ್ಲ ಬರಲಿಲ್ಲ.

ಉಳಿದದ್ದು ಕಚೇರಿಯ ಪಾಸ್‌ವರ್ಡ್ ಒಂದೇ. ಅಲ್ಲಿ 90 ದಿನಕ್ಕೊಮ್ಮೆ ಬದಲಿಸಲೇಬೇಕು. ನಾನು ಹಬ್ಬಗಳ ಮೊರೆ ಹೋಗಿದ್ದೆ: ಸಂಕ್ರಾಂತಿ, ಯುಗಾದಿ, ಭೀಮನ ಅಮಾವಾಸ್ಯೆ, ದೀಪಾವಳಿ, ಪಕ್ಕದಲ್ಲಿ ಇಸವಿ, ಕೊನೆಗೊಂದು ಆಶ್ಚರ್ಯಸೂಚಕ. ಒಮ್ಮೆ ರಜೆಯಲ್ಲಿದ್ದಾಗ ಪಕ್ಕದ ಮೇಜಿನವರು ಫೋನ್ ಮಾಡಿ, "ನಿಮ್ಮ ಕಂಪ್ಯೂಟರಿನಿಂದ ಒಂದು ಕಡತ ತೆಗೆದುಕೊಂಡೆ. ಸಂಕ್ರಾಂತಿ ಹಾಕಿದರೆ ಬರಲಿಲ್ಲ, ಆಮೇಲೆ ನೋಡಿದರೆ ನೀವಿನ್ನೂ ದೀಪಾವಳಿಯಲ್ಲೇ ಇದ್ದೀರಿ" ಎಂದರು. ಆಶ್ಚರ್ಯಸೂಚಕವನ್ನು ಕೂಡ ಆ ಮಹಾನುಭಾವರು ಊಹಿಸಿದ್ದರು.

ಈ ತ್ರೈಮಾಸಿಕ ವ್ರತ ಜಗತ್ತಿನ ಕಚೇರಿಗಳಲ್ಲಿ ಬೇರೂರುವುದಕ್ಕೆ ಒಂದು ಮುಖ್ಯ ಕಾರಣ, ಅಮೆರಿಕದ ಮಾನಕ ಸಂಸ್ಥೆಗಾಗಿ ಬಿಲ್ ಬರ್ ಎಂಬವರು 2003ರಲ್ಲಿ ಬರೆದ ಕೈಪಿಡಿ. 2017ರಲ್ಲಿ, ನಿವೃತ್ತರಾದ ಮೇಲೆ, ಅದರ ಬಹುಪಾಲಿಗಾಗಿ ಈಗ ವಿಷಾದಪಡುತ್ತೇನೆ ಎಂದು ಅವರೇ ಪತ್ರಿಕೆಗೆ ಹೇಳಿದರು. ಕಾರಣವಿಲ್ಲದೆ ದಿನ ಎಣಿಸಿ ಪಾಸ್‌ವರ್ಡ್ ಬದಲಿಸಬೇಡಿ ಎಂದು ಆ ಸಂಸ್ಥೆಯೂ ಅದೇ ವರ್ಷ ಮಾತು ಬದಲಿಸಿತು. ಸುದ್ದಿ ನಮ್ಮ ಕಚೇರಿಗೆ ಇನ್ನೂ ತಲುಪಿಲ್ಲ. ಟಪಾಲಿನಲ್ಲಿರಬೇಕು.

ಪಂಚಾಂಗದ ಪ್ರಕರಣ ಕೇಳಿ ನಕ್ಕವಳು ತಂಗಿಯ ಮಗಳು. ನಗುತ್ತಲೇ ನನ್ನ ಕಂಪ್ಯೂಟರಿಗೂ ಮೊಬೈಲಿಗೂ ಪಾಸ್‌ವರ್ಡ್ ಮ್ಯಾನೇಜರ್ ಹಾಕಿದಳು. ಅದೊಂದು ತಿಜೋರಿ. ಖಾತೆಗೊಂದರಂತೆ, ಯಾರ ಬಾಯಿಗೂ ಹೊರಳದ ಇಪ್ಪತ್ತು ಅಕ್ಷರಗಳ ಪಾಸ್‌ವರ್ಡನ್ನು ತಾನೇ ಹುಟ್ಟಿಸಿ, ತಾನೇ ಇಟ್ಟುಕೊಂಡು, ಬೇಕಾದಾಗ ತಾನೇ ತುಂಬುತ್ತದೆ. ನಾನು ನೆನಪಿಡಬೇಕಾದದ್ದು ತಿಜೋರಿಯ ಕೀಲಿಯೊಂದನ್ನೇ. "ಮಾಮ, ಈ ಕೀಲಿ ತಯಾರಿಸಿದವರ ಬಳಿಯೂ ಇರುವುದಿಲ್ಲ. ಮರೆತರೆ ದೇವರೇ ಗತಿ" ಎಂದಳು. ನಾನು ತಲೆಯಾಡಿಸಿದೆ. ವಿಮೆಯ ಷರತ್ತುಗಳಿಗೂ ಹಾಗೆಯೇ ಆಡಿಸುತ್ತೇನೆ.

ಕೀಲಿಗೆ ಸಂಬಂಧವಿಲ್ಲದ ಕೆಲವು ಪದಗಳನ್ನು ಪೋಣಿಸಬೇಕಂತೆ. ದಾಳ ಉರುಳಿಸಿ ಪದ ಆರಿಸುವ ಡೈಸ್‌ವೇರ್ ಎಂಬ ವಿಧಾನವೇ 1995ರಿಂದ ಇದೆ. ಐದು ಸಲ ದಾಳ ಹಾಕಿದರೆ 7,776 ಪದಗಳ ಪಟ್ಟಿಯಲ್ಲಿ ಒಂದು ಸಿಗುತ್ತದೆ. ಆ ಇಂಗ್ಲಿಷ್ ಪಟ್ಟಿಯ ಪದಗಳು ನನ್ನ ನಾಲಿಗೆಗೆ ಹತ್ತಲಿಲ್ಲ. ಕನ್ನಡ ನಿಘಂಟನ್ನು ಕಣ್ಣು ಮುಚ್ಚಿ ತೆರೆದು, ಸಿಕ್ಕಲ್ಲಿ ಬೆರಳಿಟ್ಟೆ. ಚಾಪೆ, ಹುಣಸೆ, ಏಣಿ, ಗೂಬೆ ಬಂದವು. (ಈಗ ಬದಲಿಸಿದ್ದೇನೆ, ಪ್ರಯತ್ನಿಸಬೇಡಿ.) ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ, ಮೊಬೈಲಿಗೆ ಬೆರಳಚ್ಚು ಕೊಟ್ಟು ನಿಶ್ಚಿಂತನಾದೆ.

ಅದು ನನ್ನನ್ನು ಒಮ್ಮೆ ಕಾಪಾಡಿದ್ದನ್ನೂ ಹೇಳಿಬಿಡುತ್ತೇನೆ. ಇಂದು ರಾತ್ರಿ ನಿಮ್ಮ ವಿದ್ಯುತ್ ಸಂಪರ್ಕ ಕಡಿತವಾಗುತ್ತದೆ ಎಂಬ ಸಂದೇಶ ಬಂತು, ಕೊಂಡಿಯೊಂದಿಗೆ. ಒತ್ತಿದೆ. ಪುಟ ಬಂತು, ಆದರೆ ಮ್ಯಾನೇಜರ್ ಮಿಸುಕಲಿಲ್ಲ. "ಬೇಕಾದಾಗಲೇ ಕೈಕೊಡುತ್ತದೆ" ಎಂದು ಐದು ನಿಮಿಷ ಬೈದೆ. ಕೊನೆಗೆ ಕನ್ನಡಕ ಹಾಕಿಕೊಂಡು ವಿಳಾಸ ನೋಡಿದರೆ ಒಂದು ಅಕ್ಷರ ಹೆಚ್ಚಿಗೆ ಇತ್ತು. ಪುಟ ನಕಲಿ. ವಿಳಾಸ ಅಕ್ಷರಶಃ ಕೂಡದಿದ್ದರೆ ತಾನು ತುಂಬುವುದಿಲ್ಲ ಎಂಬುದು ಅದರ ಹಟ. ನಮ್ಮ ಹಳೆಯ ಕನ್ನಡ ಮೇಷ್ಟ್ರ ನೆನಪಾಯಿತು. ಅವರೂ ಒಂದು ದೀರ್ಘ ತಪ್ಪಿದರೆ ಸೊನ್ನೆ ಕೊಡುತ್ತಿದ್ದರು.

ನನ್ನ ಸೊನ್ನೆ ಮುಂದೆ ಕಾದಿತ್ತು. ಒಂದು ಸಂಜೆ ಮೊಬೈಲು ಕೈಜಾರಿ ದೋಸೆಗೆ ನೆನೆಸಿಟ್ಟ ಅಕ್ಕಿಯ ಪಾತ್ರೆಗೆ ಬಿತ್ತು. ವಿಚಾರಿಸಿದವರೆಲ್ಲ ಒಂದೇ ಸಲಹೆ ಕೊಟ್ಟರು: "ಅಕ್ಕಿಯಲ್ಲಿಡಿ." ಅಲ್ಲಿಂದಲೇ ತೆಗೆದದ್ದು ಎಂದು ಎಷ್ಟು ಜನಕ್ಕೆ ವಿವರಿಸಲಿ? ಮೊಬೈಲು ಸತ್ತಿತು, ಬೆರಳಚ್ಚಿಗೆ ಬೆಲೆ ಇಲ್ಲವಾಯಿತು. ಎಂಟು ತಿಂಗಳ ನಂತರ ಕಂಪ್ಯೂಟರಿನ ಮುಂದೆ ಕೀಲಿ ಟೈಪಿಸಲು ಕೂತೆ.

ಪದಗಳು ನಾಲ್ಕೂ ನೆನಪಿದ್ದವು. ಕಾಗುಣಿತ ನೆನಪಿರಲಿಲ್ಲ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಯಾವ ಶಾಲೆಯಲ್ಲಿ ಕಲಿಸಿದ್ದಾರೆ? ಚಾಪೆಯ ದೀರ್ಘಕ್ಕೆ 'ಎ' ಒಂದೋ ಎರಡೋ? ಹುಣಸೆಯೋ, ಮನೆಯಲ್ಲಿ ಅನ್ನುವಂತೆ ಹುಣಿಸೆಯೋ? ಣಕಾರಕ್ಕೆ ದೊಡ್ಡ ಅಕ್ಷರವೋ ಚಿಕ್ಕದೋ? ಏಣಿಗೆ 'ಇ' ಒಂದು ಹಾಕಿದರೆ ಎಣಿಯಾಗುತ್ತದೆ, ಎರಡು ಹಾಕಿದರೆ ಈಣಿಯಾಗುತ್ತದೆ. ಗೂಬೆಗೆ 'ಯು'ವೋ, ಜೋಡಿ 'ಓ'ವೋ? ಅನುಮಾನದ ಜಾಗ ಐದು, ಒಂದೊಂದಕ್ಕೂ ಎರಡು ದಾರಿ. ಮೇಷ್ಟ್ರು ಕಲಿಸಿದ ಲಘು–ಗುರು ಪ್ರಸ್ತಾರ ಕೈಹಿಡಿಯಿತು: ಐದಕ್ಕೆ 32 ರೂಪ. ಹಾಳೆಯ ಮೇಲೆ ಗೆರೆ ಎಳೆದು, ಒಂದೊಂದನ್ನೇ ಟೈಪಿಸಿ, ಒಂದೊಂದನ್ನೇ ಹೊಡೆದುಹಾಕಿದೆ. ಛಂದಸ್ಸು ಜೀವನದಲ್ಲಿ ಉಪಯೋಗಕ್ಕೆ ಬಂದ ಆ ಏಕೈಕ ರಾತ್ರಿಯಲ್ಲಿ, 32 ರೂಪಗಳೂ ಮುಗಿದವು. ತಿಜೋರಿ ತೆರೆಯಲಿಲ್ಲ.

ಹನ್ನೊಂದು ಗಂಟೆಗೆ ಹೆಂಡತಿಯ ಮೊಬೈಲಿನಿಂದ ತಂಗಿಯ ಮಗಳಿಗೆ ಫೋನ್ ಮಾಡಿದೆ. "ಪದಗಳ ನಡುವೆ ಅಡ್ಡಗೆರೆ ಹಾಕಿಸಿದ್ದೆನಲ್ಲ, ಮಾಮ?" ಎಂದಳು. ಮತ್ತೆ ಮೊದಲಿನಿಂದ 32. ಒಂಬತ್ತನೆಯದಕ್ಕೆ ಬಾಗಿಲು ತೆರೆಯಿತು. ನಾನು ಬರೆದಿದ್ದದ್ದು ಹುಣಿಸೆ.

ಈಗ ಬುದ್ಧಿ ಬಂದಿತ್ತು. ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ, ಚಿಕ್ಕ ಕಾಗದದ ತುಂಡುಗಳನ್ನು ಕಾಪಾಡುವ ಅಭ್ಯಾಸ ಎಲ್ಲರಿಗೂ ಇದೆ ಎಂದು ಬ್ರೂಸ್ ಷ್ನಾಯರ್‌ರಂಥ ಭದ್ರತಾ ತಜ್ಞರೇ 2005ರಲ್ಲಿ ಹೇಳಿದ್ದಾರೆ. ನಾಲ್ಕು ಪದಗಳನ್ನು ಕನ್ನಡದಲ್ಲಿ ಒಂದರ ಕೆಳಗೊಂದು ಬರೆದು, ಪಕ್ಕದಲ್ಲಿ ಲಘು–ಗುರು ಗುರುತು ಹಾಕಿ ಪರ್ಸಿಗೆ ಸೇರಿಸಿದೆ.

ಮರುವಾರ ಹೆಂಡತಿ ತರಕಾರಿಗೆ ಚಿಲ್ಲರೆ ತೆಗೆಯಲು ಪರ್ಸ್ ಬಿಚ್ಚಿದಳು. ಸಂಜೆ ಹಜಾರದಲ್ಲಿ ಹೊಸ ಚಾಪೆಯ ಸುರುಳಿ, ಅಡುಗೆಮನೆಯಲ್ಲಿ ಎರಡು ಕಿಲೋ ಹುಣಸೆಹಣ್ಣು. ಏಣಿಯನ್ನು ಪಕ್ಕದ ಮನೆಯಿಂದ ಕೇಳಿ ತಂದು ಗೋಡೆಗೆ ಒರಗಿಸಿದ್ದಳು.

"ಮೂರು ಆಯಿತು" ಎಂದಳು, ಚೀಟಿಯನ್ನು ನನ್ನ ಮುಂದೆ ಹಿಡಿದು. "ಈ ನಾಲ್ಕನೆಯದನ್ನು ಯಾರಿಗೆ ಬರೆದದ್ದು?"