ಹದಿನಾರು ಪಿಕ್ಸೆಲ್‌ನಲ್ಲಿ ಸಕಲ ವೈಭವ

ಅಂಗಡಿಯೊಂದರ ವೆಬ್‌ಸೈಟಿನ ಫೇವಿಕಾನ್, ಅಂದರೆ ಬ್ರೌಸರ್ ಟ್ಯಾಬಿನಲ್ಲಿ ಕಾಣುವ ಪುಟ್ಟ ಐಕಾನ್ ಬದಲಿಸಿ, ಸರ್ವರ್‌ಗೆ ಏರಿಸಿ ಉಸಿರು ಬಿಡುವಷ್ಟರಲ್ಲಿ ವಾಟ್ಸಾಪ್ ಬರುತ್ತದೆ: "ಸರ್, ಟ್ಯಾಬಲ್ಲಿ ಇನ್ನೂ ಆ ಬೂದು ಗೋಳಾನೇ ಇದೆ." ಜೊತೆಗೆ ಸ್ಕ್ರೀನ್‌ಶಾಟ್, ಐಕಾನ್ ಸಿಗದಿದ್ದಾಗ ಬ್ರೌಸರ್ ತೋರಿಸುವ ಆ ಗೋಳಕ್ಕೊಂದು ಕೆಂಪು ವೃತ್ತ. ಅದೇ ಪುಟದಲ್ಲಿ ಅಂಗಡಿಯ ಫೋನ್ ನಂಬರೇ ತಪ್ಪಿದ್ದರೂ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಟ್ಯಾಬ್‌ನಲ್ಲಿ ಸಿಗುವ ಜಾಗ 16x16, ಅಂದರೆ 256 ಪಿಕ್ಸೆಲ್. ಮಾಲೀಕರು ಕಳಿಸುವುದು ವಿಸಿಟಿಂಗ್ ಕಾರ್ಡಿನ ಫೋಟೋ: ಮೇಲೆ ಗಣಪತಿ, ನಡುವೆ ಅಂಗಡಿಯ ಪೂರ್ತಿ ಹೆಸರು, ಕೆಳಗೆ ಸ್ಥಾಪನೆಯ ವರ್ಷ, ಅಂಚಿಗೆ ಎರಡು ಮೊಬೈಲ್ ನಂಬರು. "ಏನೂ ಬಿಡ್ಬೇಡಿ ಸರ್, ಎಲ್ಲಾ ಬರ್ಲಿ." ಎಲ್ಲಾ ಬರುತ್ತದೆ, ಗಣಪತಿಯ ಸೊಂಡಿಲಿಗೆ ಒಂದೂವರೆ ಪಿಕ್ಸೆಲ್. "ಸ್ವಲ್ಪ ದೊಡ್ಡದು ಮಾಡಿ" ಎನ್ನುತ್ತಾರೆ. ಟ್ಯಾಬ್ ಏನು ನಮ್ಮಪ್ಪನ ಆಸ್ತಿಯೇ? ಹಗ್ಗಜಗ್ಗಾಟದ ನಂತರ ಒಂದೇ ಅಕ್ಷರಕ್ಕೆ ಒಪ್ಪುತ್ತಾರೆ. ಆ ಅಕ್ಷರ "ಶ್ರೀ"! ಶಕಾರ, ಕೆಳಗೆ ಕ್ರಾವಡಿ, ಪಕ್ಕಕ್ಕೆ ದೀರ್ಘ, ಎಲ್ಲ ಸೇರಿ ಒಂದು ಮಚ್ಚೆ. ಗ, ರ, ಠ ಇಂದ ಹೆಸರು ಶುರುವಾಗುವವರು ಪುಣ್ಯವಂತರು.

ಚಿತ್ರ ಒಪ್ಪಿಗೆಯಾದ ಮೇಲೆ ಫೈಲುಗಳು. ಚೌಕಾಕಾರದ ಒಂದು ಎಸ್‌ವಿಜಿ (ಎಷ್ಟು ಹಿಗ್ಗಿಸಿದರೂ ಮಸುಕಾಗದ ಚಿತ್ರ); ಡಾರ್ಕ್ ಮೋಡ್‌ಗೆ ಬೇರೆ ಬಣ್ಣ ಹೇಳುವ ಸಿಎಸ್‌ಎಸ್ ಸಾಲುಗಳು (ವಿನ್ಯಾಸದ ಸೂಚನೆಗಳು) ಅದರೊಳಗೇ ಇರಲಿ, ಇಲ್ಲವಾದರೆ ಕಪ್ಪು ಟ್ಯಾಬಿನಲ್ಲಿ ಕಪ್ಪು ಅಕ್ಷರ ಮಾಯ. ಹಳೆಯ ಬ್ರೌಸರ್‌ಗಳಿಗೆ 16, 32, 48 ಮೂರೂ ಅಳತೆ ತುಂಬಿದ ಐಸಿಒ ಎಂಬ ಐಕಾನ್ ಫೈಲು. ಪಿಎನ್‌ಜಿ ಚಿತ್ರದ ಹೆಸರಿನ ಬಾಲ ಕತ್ತರಿಸಿ ಐಸಿಒ ಎಂದು ಬರೆದರೆ ಅದು ಐಸಿಒ ಆಗುವುದಿಲ್ಲ. ಐಫೋನಿಗೆ 180ರ ಪಿಎನ್‌ಜಿ, ಹಿನ್ನೆಲೆಗೆ ಬಣ್ಣ ತುಂಬಿ. ಪಾರದರ್ಶಕ ಬಿಟ್ಟರೆ ಐಫೋನ್ ಕಪ್ಪು ಬಳಿಯುತ್ತದೆ. ಆಂಡ್ರಾಯ್ಡಿಗೆ ಮ್ಯಾನಿಫೆಸ್ಟ್‌ನಲ್ಲಿ (ಸೈಟಿನ ಹೆಸರು, ಐಕಾನ್ ಹೇಳುವ ಫೈಲು) 192 ಮತ್ತು 512.

ಇಷ್ಟಾದರೂ ಗೋಳ ಹೋಗದಿದ್ದರೆ ಮೊದಲು ಫೈಲಿನ ದಾರಿ ನೋಡಿ. ಪುಟದ ಕೋಡಿನಲ್ಲಿ ಐಕಾನ್ ತೋರಿಸುವ ಲಿಂಕ್‌ನಲ್ಲಿ ಮುಂದಿನ ಓರೆಗೆರೆ (/) ಬಿಟ್ಟರೆ ಮುಖಪುಟದಲ್ಲಿ ಐಕಾನ್ ಕಾಣುತ್ತದೆ, ಒಳ ಫೋಲ್ಡರಿನ ಪುಟಗಳಲ್ಲಿ ಇಲ್ಲ. ಫೈಲಿನ ಹೆಸರಲ್ಲಿ ಕ್ಯಾಪಿಟಲ್ ಅಕ್ಷರ ನುಸುಳಿದ್ದರೆ ವಿಂಡೋಸ್ ಸುಮ್ಮನಿರುತ್ತದೆ, ಲಿನಕ್ಸ್ ಸರ್ವರ್ 404 (ಫೈಲು ಸಿಗಲಿಲ್ಲ) ಎನ್ನುತ್ತದೆ. ಇನ್ನೂ ಕಿಲಾಡಿ ಸರ್ವರ್‌ಗಳಿವೆ: ಐಕಾನ್ ಕೇಳಿದರೆ 200 (ಎಲ್ಲ ಸರಿ) ಎಂದು ನಗುತ್ತಾ ಮುಖಪುಟದ ಎಚ್‌ಟಿಎಂಎಲ್ ಕೊಡುತ್ತವೆ.

ಎಲ್ಲವೂ ಸರಿಯಿದ್ದರೆ ತಪ್ಪು ಕ್ಯಾಶೆಯದು, ಅಂದರೆ ಬ್ರೌಸರ್ ಕೂಡಿಟ್ಟ ಹಳೆಯ ಪ್ರತಿಯದು. ಐಕಾನುಗಳಿಗೆಂದೇ ಕ್ರೋಮ್ ಬೇರೆ ಉಗ್ರಾಣ ಇಟ್ಟುಕೊಂಡಿದೆ. ಪುಟವನ್ನು ಎಷ್ಟು ರಿಫ್ರೆಶ್ ಮಾಡಿದರೂ ಅದು ಅಲುಗದಿರಬಹುದು. ಐಕಾನಿನ ವಿಳಾಸವನ್ನೇ ನೇರ ತೆರೆದು ರಿಫ್ರೆಶ್ ಮಾಡಿ, ಅಥವಾ ಲಿಂಕ್‌ನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ, ವಿ, ಸಮಚಿಹ್ನೆ, 2 (?v=2) ಸೇರಿಸಿ; ಬ್ರೌಸರ್ ಅದನ್ನು ಹೊಸ ಫೈಲೆಂದುಕೊಳ್ಳುತ್ತದೆ. ತಮ್ಮದೇ ಕಂಪ್ಯೂಟರಿನ ಲೋಕಲ್‌ಹೋಸ್ಟ್ 3000 ಎಂಬ ಒಂದೇ ವಿಳಾಸದಲ್ಲಿ ಎಲ್ಲ ಪ್ರಾಜೆಕ್ಟ್ ಓಡಿಸುವವರಿಗೆ ಈ ನೋವು ಗೊತ್ತು: ಹೊಸ ಪ್ರಾಜೆಕ್ಟಿನ ತಲೆಯ ಮೇಲೆ ಎಂದೋ ಮುಗಿಸಿದ ಪ್ರಾಜೆಕ್ಟಿನ ಕಿರೀಟ.

1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಇದನ್ನು ತಂದಾಗ, ಯಾರಾದರೂ ಸೈಟನ್ನು ಮೆಚ್ಚಿನ ಪಟ್ಟಿಗೆ ಸೇರಿಸಿದಾಗಲೇ ಬ್ರೌಸರ್ ಐಕಾನ್ ಕೇಳುತ್ತಿತ್ತು. ಸರ್ವರಿನ ಲಾಗ್ (ಯಾರು ಏನು ಕೇಳಿದರೆಂಬ ದಾಖಲೆ) ನೋಡಿ, ಎಷ್ಟು ಜನ ಮೆಚ್ಚಿದರು ಎಂದು ಅಂದಾಜು ಹಾಕಬಹುದಿತ್ತು. ಈಗ ದಾರಿ ತಪ್ಪಿ ಬಂದವರ ಬ್ರೌಸರೂ ಕೇಳುತ್ತದೆ.

ಗೂಗಲ್ ಹುಡುಕಾಟದಲ್ಲಿ ಐಕಾನ್ ಬದಲಾಗಲು ದಿನಗಳೂ ಆಗಬಹುದು, ವಾರಗಳೂ ಆಗಬಹುದು. ಅಲ್ಲಿಗೆ 48ಕ್ಕಿಂತ ದೊಡ್ಡ ಚೌಕ ಕೊಡುವುದು ಒಳ್ಳೆಯದು. ಏನು ನೋಡಬಾರದೆಂದು ಗೂಗಲ್‌ನಂಥವರಿಗೆ ಹೇಳುವ ರೋಬೋಟ್ಸ್ ಫೈಲಿನಲ್ಲಿ ಐಕಾನಿಗೆ ತಾವೇ ಬೀಗ ಜಡಿದು ಗೂಗಲ್‌ಗೆ ಶಾಪ ಹಾಕುವವರೂ ಇದ್ದಾರೆ. ಆ ಸಾಲನ್ನೂ ಒಮ್ಮೆ ನೋಡಿಬಿಡಿ.