ಬಾಯಿ ಬಿಟ್ಟು ಉಳಿದದ್ದೆಲ್ಲ ದೇಹ

ಭಾನುವಾರದ ಪೇಪರ್ ಬಿಡಿಸಿದರೆ ಸಾಕು, ಒಳಗಿಂದ ‘ಫುಲ್ ಬಾಡಿ ಚೆಕಪ್’ ಪಾಂಪ್ಲೆಟ್ ಜಾರಿ ಬೀಳುತ್ತದೆ. ಥೈರಾಯ್ಡ್, ವಿಟಮಿನ್ ಡಿ, ಬಿ-12, ಕೊಲೆಸ್ಟ್ರಾಲ್, ಲಿವರ್, ಕಿಡ್ನಿ, ಮೂರು ತಿಂಗಳ ಶುಗರ್. ಗಂಡ ಹೆಂಡತಿ ಜೋಡಿಯಾಗಿ ಹೋದರೆ ಡಿಸ್ಕೌಂಟು. ರಕ್ತ ಕೊಟ್ಟು ಬಂದವರಿಗೆ ಇಡ್ಲಿ ವಡೆ ಫ್ರೀ. ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದರೂ ಹೆಚ್ಚಿನವುಗಳಲ್ಲಿ ಹಲ್ಲು ಸಿಗುವುದಿಲ್ಲ. ಆ ವಡೆಯನ್ನು ಯಾವುದರಿಂದ ಕಡಿಯಬೇಕು ಅಂತ ಯಾರೂ ಯೋಚಿಸಿದ ಹಾಗಿಲ್ಲ.

ಜ್ವರ ಬಂತೆಂದು ಡಾಕ್ಟರ ಹತ್ತಿರ ಹೋದರೆ ಅವರೂ ಅಷ್ಟೇ. ‘ಆ’ ಅನ್ನಿ ಅನ್ನುತ್ತಾರೆ, ಟಾರ್ಚ್ ಬಿಡುತ್ತಾರೆ, ನಾಲಿಗೆ ನೋಡುತ್ತಾರೆ, ಗಂಟಲು ನೋಡುತ್ತಾರೆ. ಎಕ್ಸ್‌ಪ್ರೆಸ್ ರೈಲು ಸಣ್ಣ ಸ್ಟೇಷನ್ ದಾಟಿದ ಹಾಗೆ ಆ ಬೆಳಕು ಹಲ್ಲುಗಳನ್ನು ದಾಟಿ ಹೋಗುತ್ತದೆ. ಅಲ್ಲಿ ಎರಡು ಹುಳುಕು, ಒಂದು ಬೇರು, ಊದಿಕೊಂಡ ವಸಡು ಕೈ ಬೀಸುತ್ತಾ ನಿಂತಿರುತ್ತವೆ. ನಿಲುಗಡೆ ಇಲ್ಲ.

ಆರೋಗ್ಯ ವಿಮೆಯವರಂತೂ ಇದನ್ನು ಬರೆದೇ ಕೊಟ್ಟಿದ್ದಾರೆ. ಸುಮಾರು ಪಾಲಿಸಿಗಳಲ್ಲಿ ‘ಇವಕ್ಕೆ ಹಣ ಸಿಗದು’ ಅನ್ನುವ ಸಣ್ಣಕ್ಷರದ ಪಟ್ಟಿಯಲ್ಲಿ ಹಲ್ಲಿನ ಚಿಕಿತ್ಸೆ ಕನ್ನಡಕದ ಪಕ್ಕ, ಕಿವಿಯ ಮಷೀನಿನ ಪಕ್ಕ ಕೂತಿರುತ್ತದೆ. ಹಲ್ಲು ಅಂಗಡಿಯಲ್ಲಿ ಕೊಂಡು ತಂದ ಸಾಮಾನು ಅನ್ನುವ ಹಾಗೆ! ಅವರ ಸಹಾಯವಾಣಿಗೆ ಫೋನ್ ಮಾಡಿದರೆ ಮಾತು ಹೀಗೆ ಸಾಗುತ್ತದೆ:

“ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಬೇಕಮ್ಮಾ. ಪಾಲಿಸಿಯಲ್ಲಿ ಬರುತ್ತಾ?”

“ಇಲ್ಲ ಸಾರ್, ಅದು ಡೆಂಟಲ್.”

“ಆದ್ರೂ ನನ್ನ ಬಾಯಲ್ಲೇ ಇದೆಯಲ್ಲಾ.”

“ಆಕ್ಸಿಡೆಂಟ್ ಆಗಿ ಹಲ್ಲು ಹೋಗಿದ್ರೆ ಬರುತ್ತೆ ಸಾರ್. ಅಡ್ಮಿಟ್ ಆಗಿ 24 ಗಂಟೆ ಆಸ್ಪತ್ರೆಯಲ್ಲಿ ಇರಬೇಕು.”

“ಅಂದ್ರೆ ಸ್ಕೂಟರಿಂದ ಬೀಳಬೇಕಾ?”

“ಅದು ನಿಮ್ಮಿಷ್ಟ ಸಾರ್. ಇನ್ನೇನಾದ್ರೂ ಸಹಾಯ ಬೇಕಿತ್ತಾ?”

ಈಚೆಗೆ ಕೆಲವು ಪಾಲಿಸಿಗಳಲ್ಲಿ ಜಾಸ್ತಿ ದುಡ್ಡು ಕಟ್ಟಿದರೆ ಹಲ್ಲನ್ನೂ ಸೇರಿಸಿಕೊಳ್ಳುತ್ತಾರಂತೆ. ಮನುಷ್ಯನಿಗೆ ಹಲ್ಲು ಆಪ್ಷನಲ್ ಅಂತಾಯಿತು.

ಸರಿ, ದುಡ್ಡಿಲ್ಲ ಅಂತ ಆ ದವಡೆ ಹಲ್ಲನ್ನು ಹಾಗೇ ಬಿಟ್ಟಿರಿ ಅಂದುಕೊಳ್ಳಿ. ಲವಂಗ ಇಟ್ಟುಕೊಂಡು, ಮೆಡಿಕಲ್ ಸ್ಟೋರಿನ ಹುಡುಗ ಕೊಟ್ಟ ಮಾತ್ರೆ ನುಂಗಿಕೊಂಡು ದಿನ ದೂಡುತ್ತೀರಿ. ಕೆಳದವಡೆಯ ಬೇರಿನ ತುದಿಯಲ್ಲಿ ಕೀವು ಸೇರುತ್ತದೆ. ಕೆಲವರಲ್ಲಿ ಅದು ನಾಲಿಗೆಯ ಕೆಳಗೆ ಇಳಿದು, ಕತ್ತಿನ ಎರಡೂ ಕಡೆ ಹರಡಿ, ನಾಲಿಗೆಯನ್ನೇ ಮೇಲಕ್ಕೆತ್ತಿ ಉಸಿರಾಟದ ದಾರಿ ಮುಚ್ಚುತ್ತದೆ. ಇದೇನು ಹೊಸ ಕಾಯಿಲೆಯಲ್ಲ. ಲುಡ್ವಿಗ್ ಎಂಬ ಜರ್ಮನ್ ವೈದ್ಯ 1836ರಲ್ಲೇ ಇದನ್ನು ವಿವರಿಸಿದ್ದ, ಇವತ್ತಿಗೂ ಅವನ ಹೆಸರಲ್ಲೇ ಕರೆಯುತ್ತಾರೆ. ಆಗ ನಿಮ್ಮನ್ನು ಐಸಿಯುಗೆ ಹಾಕುತ್ತಾರೆ. ಈಗ ವಿಮೆಯವರಿಗೆ ನಿಮ್ಮ ಗುರುತು ಸಿಗುತ್ತದೆ! ಸಾವಿರಗಳಲ್ಲಿ ಮುಗಿಯುತ್ತಿದ್ದ ಹಲ್ಲಿಗೆ ‘ಆಗಲ್ಲ’ ಅಂದವರು ಲಕ್ಷಗಳ ಬಿಲ್ಲಿಗೆ ಸಹಿ ಹಾಕುತ್ತಾರೆ. ಇದಕ್ಕೆ ಲೆಕ್ಕಾಚಾರ ಅನ್ನುತ್ತಾರೆ.

ಕಾನೂನು ಕೂಡ ಬಾಯಿಯನ್ನು ಬೇರೆ ಮನೆಯಲ್ಲೇ ಇಟ್ಟಿದೆ. ದಂತವೈದ್ಯರಿಗೆಂದೇ 1948ರಲ್ಲಿ ಬೇರೆ ಕಾಯ್ದೆ ಮಾಡಿದರು, 2023ರಲ್ಲಿ ಹೊಸದು ಮಾಡಿದಾಗಲೂ ಬೇರೆಯೇ. ಕಾಲೇಜು ಬೇರೆ, ಕೌನ್ಸಿಲ್ ಬೇರೆ. ಪಾಲು ಆಗಿರುವ ಈ ಸುದ್ದಿ ಬ್ಯಾಕ್ಟೀರಿಯಾಗಳಿಗೆ ಮಾತ್ರ ಯಾರೂ ಮುಟ್ಟಿಸಿಲ್ಲ. ವಸಡಿನಲ್ಲಿ ರಕ್ತ ಬರುತ್ತಿದ್ದರೆ ಅವು ಅಲ್ಲಿಂದಲೇ ರಕ್ತಕ್ಕೆ ಇಳಿಯುತ್ತವೆ, ಕವಾಟ ಕೆಟ್ಟ ಹೃದಯ ಸಿಕ್ಕರೆ ಅಲ್ಲೇ ಬಿಡಾರ ಹೂಡುತ್ತವೆ. ಅದಕ್ಕೇ ಹೃದಯದ ಕವಾಟ ಬದಲಿಸುವ ಮುಂಚೆ ಸರ್ಜನ್ನರು ‘ಮೊದಲು ಹಲ್ಲು ತೋರಿಸಿಕೊಂಡು ಬನ್ನಿ’ ಅನ್ನುವುದು. ಅಷ್ಟು ವರ್ಷ ಯಾರೂ ನೋಡದ ಬಾಯಿಗೆ ಆ ದಿನ ಎಲ್ಲಿಲ್ಲದ ಮರ್ಯಾದೆ.

ಶುಗರ್‌ದೂ ಇದೇ ಕಥೆ. ಶುಗರ್ ಜಾಸ್ತಿಯಾದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಶುಗರ್ ಸುಲಭಕ್ಕೆ ಇಳಿಯುವುದಿಲ್ಲ. ವಸಡಿಗೆ ಸರಿಯಾಗಿ ಚಿಕಿತ್ಸೆ ಕೊಟ್ಟರೆ ಮೂರು ತಿಂಗಳ ಶುಗರ್ ಅಂಕಿ ಸರಾಸರಿ 0.4ರಷ್ಟು ಇಳಿಯುತ್ತದೆ ಅಂತ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2022ರ ಕಾಕ್ರೇನ್ ವಿಮರ್ಶೆ ಹೇಳಿತು. ನಮ್ಮಲ್ಲಿ ಶುಗರ್ ಬಂದವರಿಗೆ ಮೆಂತ್ಯ, ಹಾಗಲಕಾಯಿ, ಅಮೃತಬಳ್ಳಿ ಹೇಳುವವರು ಪಾರ್ಕಿನ ಬೆಂಚಿಗೆ ನಾಲ್ಕು ಜನ ಸಿಗುತ್ತಾರೆ. ‘ವಸಡು ತೋರಿಸಿದ್ರಾ?’ ಅಂತ ಕೇಳುವವರನ್ನು ನಾನಂತೂ ಕಂಡಿಲ್ಲ.

ಇನ್ನು ತೆರಿಗೆ. 2017ರಲ್ಲಿ ಜಿಎಸ್‌ಟಿ ಬಂದಾಗ ಟೂತ್‌ಪೇಸ್ಟ್‌ಗೆ ಶೇ. 18 ಹಾಕಿದರು, ಬಂಗಾರಕ್ಕೆ ಶೇ. 3. ಎಂಟು ವರ್ಷ ಹಾಗೇ ನಡೆಯಿತು. ಬೆಳಗೆದ್ದು ಹಲ್ಲುಜ್ಜುವುದು ಶೋಕಿ, ಬಂಗಾರದ ಸರ ಹಾಕಿಕೊಳ್ಳುವುದು ಬಡವರ ಪಾಡು ಅಂತ ಅರ್ಥ ಮಾಡಿಕೊಂಡೆವು. 2025ರ ಸೆಪ್ಟೆಂಬರಿನಲ್ಲಿ ಪೇಸ್ಟಿನ ತೆರಿಗೆ ಶೇ. 5ಕ್ಕೆ ಇಳಿಯಿತು, ಸಂತೋಷ. ಈಗಲೂ ಬಂಗಾರಕ್ಕಿಂತ 2 ಜಾಸ್ತಿ.

ಹಾಗಂತ ಸರ್ಕಾರ ಹಲ್ಲನ್ನು ಪೂರ್ತಿ ಮರೆತಿದೆ ಅಂದರೆ ತಪ್ಪಾಗುತ್ತದೆ. ನಮ್ಮ ರಾಜ್ಯದಲ್ಲಿ ‘ದಂತ ಭಾಗ್ಯ’ ಅಂತಲೇ ಒಂದು ಯೋಜನೆ ಬಂತು. ಹಲ್ಲು ಉದುರಿದ ಬಿಪಿಎಲ್ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್. ಒಳ್ಳೆಯ ಕೆಲಸ, ನಿಜಕ್ಕೂ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಿದ್ದ ಅಜ್ಜಿ ಮತ್ತೆ ಅಗಿದು ತಿಂದರೆ ಯಾರಿಗೆ ಬೇಡ? ಆದರೆ ಭಾಗ್ಯ ಬಾಗಿಲು ತಟ್ಟುವ ಹೊತ್ತು ನೋಡಿ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತ ಹಿರಿಯರು ಕೊರಗಿದರು. ಸರ್ಕಾರ ಅದಕ್ಕೆ ದಾರಿ ಕಂಡುಹಿಡಿಯಿತು: ಹಲ್ಲು ಹೋಗುವ ತನಕ ಕಾಯುವುದು.

ಹಲ್ಲು ಇರುವವರಿಗೂ ಒಂದು ಯೋಜನೆ ಮಾಡಬಾರದಾ ಅಂತ ಕೇಳಬಹುದು. ಕಷ್ಟ. ಹುಳುಕು ತುಂಬಿಸಿಕೊಂಡ ಹಲ್ಲನ್ನು ಸ್ಟೇಜ್ ಮೇಲೆ ವಿತರಿಸಲಾಗುವುದಿಲ್ಲ, ಅದಕ್ಕೆ ರಿಬ್ಬನ್ ಕಟ್ಟಲಾಗುವುದಿಲ್ಲ. ಸೆಟ್ ಆದರೆ ಸಮಾರಂಭ ಆಗುತ್ತದೆ, ಫ್ಲೆಕ್ಸ್ ಆಗುತ್ತದೆ. ಫ್ಲೆಕ್ಸ್‌ನಲ್ಲಿ ಇಪ್ಪತ್ತು ಮುಖಂಡರು, ಒಬ್ಬೊಬ್ಬರದೂ ಬೆಳ್ಳಗೆ ಹೊಳೆಯುವ ನಗು. ಕೆಳಗೆ ಮೂಲೆಯಲ್ಲಿ ಸ್ಟಾಂಪ್ ಸೈಜಿನಲ್ಲಿ ಫಲಾನುಭವಿ ಅಜ್ಜಿ, ಬಾಯಿ ಮುಚ್ಚಿಕೊಂಡು.